ಪಡುಮೂಲೆಯ ಹಲಗೆ

ಏಣಿ ಹೋಯಿತು!

ಜಾರಿದ್ದಲ್ಲ. ಯಾರೋ ಎಳೆದದ್ದು.

ಮಾಡಿನ ಹಂಚು ಹೊತ್ತ ಪಕ್ಕಾಸಿನ ತುದಿ ಹಿಡಿದು ನೇತಾಡುತ್ತಿದ್ದೆ. ಕೆಳಗೆ ಹದಿನೆಂಟು ಅಡಿ. ಅದರ ಕೆಳಗೆ ಮುರಕಲ್ಲಿನ ಅಂಗಳ. ವಯಸ್ಸು ಐವತ್ತಾರು. ಗೋಡೆಯ ಹಲ್ಲಿಗೆ ಈ ಕಸರತ್ತು ಸಲೀಸು, ನನಗಲ್ಲ.

ಕಣ್ಣು ಕೆಳಗೆ ಹಾಯಿಸಿದೆ. ಏಣಿ ಹಿಡಿದು ನಿಂತವನು ಪೂವಪ್ಪ ಮೇಸ್ತ್ರಿ. ನನ್ನ ಇಪ್ಪತ್ತು ವರ್ಷದ ಸ್ನೇಹಿತ. ನನ್ನ ಮನೆಯ ಮಾಡು ಕಟ್ಟಿದವನೇ ಅವನು.

"ಆ ಹಲಗೆ ತೆಗೆಯುವುದಿಲ್ಲ ಅಂತ ಹೇಳಿ, ಓವರ್‌ಸಿಯರ್ರೇ. ಏಣಿ ಇಡ್ತೇನೆ."

"ಮೊದಲು ಏಣಿ ಇಡು. ಮತ್ತೆ ಮಾತಾಡುವ."

"ಮೊದಲು ಮಾತು ಕೊಡಿ."

"ನಾನು ಬಿದ್ದು ಸತ್ತರೆ ನಿನ್ನ ಬಿಲ್ಲು ಪಾಸು ಮಾಡುವುದು ಯಾರು ಮಾರಾಯ?"

"ಬಿಲ್ಲು ಬೇಡ. ಆ ಹಲಗೆ ಮುಟ್ಟಬೇಡಿ."

ಬಿಲ್ಲು ಬೇಡ! ಕಂಟ್ರಾಕ್ಟರನ ಬಾಯಲ್ಲಿ ಈ ಮಾತು ನಾನು ಕೇಳಿದ್ದೇ ಇಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಅಲ್ಲಿಗೆ ಹೇಗೆ ಹತ್ತಿದೆ ಅಂತೀರಾ? ಕೇಳಿ.

ನಾನು ಜೋನ್. ಪಿ.ಡಬ್ಲ್ಯು.ಡಿ.ಯಲ್ಲಿ ಓವರ್‌ಸಿಯರ್ ಆಗಿದ್ದವನು. ರಿಟೈರಾದ ಮೇಲೆ ಮನೆ ಕಟ್ಟಿಸಿದವರಿಗೂ ಕಟ್ಟಿದವರಿಗೂ ಜಗಳವಾದರೆ ಟೇಪು ಹಿಡಿದು ಹೋಗಿ ತೀರ್ಪು ಕೊಡುತ್ತೇನೆ. ಎಕ್ಸ್‌ಟ್ರಾ ಕೆಲಸಕ್ಕೆ ನನ್ನದು ಒಂದೇ ಕಾನೂನು. ಹೇಳಿ ಮಾಡಿಸಿದವರು ದುಡ್ಡು ಕೊಡಬೇಕು. ಯಾರೂ ಹೇಳದ್ದನ್ನು ಕಿತ್ತು ಹಾಕಬೇಕು.

ಅದು ಸಾವಿರದ ಒಂಬೈನೂರ ಮೂವತ್ತೆಂಟರ ಡಿಸೆಂಬರ್. ಫಳ್ನೀರಿನಲ್ಲಿ ಚಿತ್ತರಂಜನ ಧನಿಗಳ ಹೊಸ ಮನೆ. ಧನಿಗಳು ಮುಂಬಯಿಗೆ ಹೋಗಿದ್ದಾಗ ಪೂವಪ್ಪ ಗೋಡೆಯಿಂದ ಹೊರಗೆ ಚಾಚಿದ ಸೂರಿಗೆಲ್ಲ ಅಡಿಯಿಂದ ಹಲಸಿನ ಹಲಗೆ ಹೊಡೆದು ಮುಚ್ಚಿದ್ದ. ಕರಾರಿನಲ್ಲಿ ಅದಿಲ್ಲ. ಎಕ್ಸ್‌ಟ್ರಾ ನೂರ ಎಂಬತ್ತು ರೂಪಾಯಿ. ಧನಿಗಳು ಬಂದವರೇ ಅವನನ್ನು ಗೇಟಿನ ಹೊರಗೆ ದಬ್ಬಿದರು. ತಿಂಗಳು ಜಗ್ಗಾಡಿ ಕೊನೆಗೆ ಇಬ್ಬರೂ ನನ್ನ ತೀರ್ಪಿಗೆ ಒಪ್ಪಿ ರುಜು ಹಾಕಿದರು.

ಮೊದಲ ದಿನ ಹೋಗಿ ಅಳತೆ ಮಾಡಿದೆ. ಮರ ಒಳ್ಳೆಯದು. ರೇಟು ನ್ಯಾಯದ್ದು.

"ಮಾಡಲು ಹೇಳಿದ್ದು ಯಾರು?" ಎಂದು ಕೇಳಿದೆ.

ಪೂವಪ್ಪ ಬಾಯಿ ಬಿಡಲಿಲ್ಲ.

ಏಣಿ ಹೋದ ದಿನ ಬೆಳಗ್ಗೆ ಪಡೀಲಿನ ನನ್ನ ಮನೆಯಿಂದ ಸೈಕಲ್ಲಿನಲ್ಲಿ ಹೊರಟಿದ್ದೆ. ಹಿಂದೆ ಕಾರಿನ ಸದ್ದು. ಬದಿಗೆ ಸರಿದೆ. ಕಾರೂ ಬದಿಗೇ ಬಂತು... ಜೋರಾಗಿ ತುಳಿದೆ. ಅದೂ ಜೋರಾಯಿತು. ತಿರುವಿನಲ್ಲಿ ಬಂಪರು ಹಿಂದಿನ ಚಕ್ರಕ್ಕೆ ತಾಗಿತು. ಸೈಕಲ್ಲು ಒಂದು ಕಡೆ, ನಾನು ಗದ್ದೆಯ ಕೆಸರಲ್ಲಿ.

ಧನಿಗಳ ಡ್ರೈವರ್ ನೋಣಯ್ಯ ಕಿಟಕಿಯಿಂದ ತಲೆ ಹಾಕಿದ.

"ಸಂಜೆಯೊಳಗೆ ಹಲಗೆ ಕೀಳಬೇಕಂತೆ. ತೀರ್ಪು ಹಾಗೇ ಬರಲಿ ಅಂದಿದ್ದಾರೆ."

"ತೀರ್ಪು ಕಾರಿನಲ್ಲಿ ಬರುವುದಿಲ್ಲ ನೋಣಯ್ಯ. ಸೈಕಲ್ಲಿನಲ್ಲೇ ಬರ್ತದೆ. ಸ್ವಲ್ಪ ತಡ ಆಗ್ತದೆ, ಅಷ್ಟೆ."

ನನ್ನನ್ನು ಹೆದರಿಸಿದರೆ ನನಗೆ ಹಟ ಬರುತ್ತದೆ. ಅಪ್ಪನಿಂದ ಬಂದ ಆಸ್ತಿ ಅದೊಂದೇ. ಕೆಸರು ಒರೆಸಿಕೊಂಡು ನೇರ ಫಳ್ನೀರಿಗೆ ಹೋಗಿ ಸೂರನ್ನು ಇನ್ನೊಂದು ಸುತ್ತು ನೋಡಿದೆ. ಪಡುಮೂಲೆಯ ಕೊನೆಯ ಹಲಗೆಯಲ್ಲಿ ಮೊಳೆಗಳು ಸೊಟ್ಟ. ಪೂವಪ್ಪ ಕುಡಿದರೂ ಮೊಳೆ ಸೊಟ್ಟ ಹೊಡೆಯುವವನಲ್ಲ. ಕೆಳಗೆ ಕಂಪೌಂಡಿನ ಮೇಲೆ ಒಂದು ಬಡಕಲು ಬೆಕ್ಕು ಆ ಮೂಲೆಯನ್ನೇ ನೋಡುತ್ತಾ ಕೂತಿತ್ತು. ಮೊನ್ನೆಯೂ ಅಲ್ಲೇ ಕೂತಿತ್ತು.

ಹಲಗೆ ಬಿಚ್ಚಿ ನೋಡುವ ಎಂದು ಏಣಿ ಹತ್ತಿದೆ. ಗೇಟಿನ ಹೊರಗೆ ಕಾದಿದ್ದ ಪೂವಪ್ಪ ಒಳಗೆ ನುಗ್ಗಿದ. ಏಣಿ ಹೋಯಿತು.

ಕೈ ಸೋಲುತ್ತಿತ್ತು. ಎಡಕ್ಕೆ, ಒಂದಾಳು ದೂರದಲ್ಲಿ, ಬಾಲ್ಕನಿ. ಒಂದು ಸಲ ಜೀಕಿದೆ... ಎರಡು ಸಲ... ಕೈ ಬಿಟ್ಟೆ!

ಬಿದ್ದದ್ದು ಬಾಲ್ಕನಿಯ ಒಳಗೆ. ಎದುರಿಗೆ ಧನಿಗಳ ಹೆಂಡತಿ ಶಶಿಪ್ರಭಾ. ಇಪ್ಪತ್ತೆರಡು ವರ್ಷ ಇರಬಹುದು. ಅವಳು ಬೆಚ್ಚಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲ. ಮಲಗಿದ್ದಾನೆ."

ಒಳಗೆ ತೊಟ್ಟಿಲು ಕಂಡಿತು. ಖಾಲಿ.

"ಹಲಗೆ ಹೊಡೆಯಲು ಹೇಳಿದ್ದು ನಾನು," ಎಂದಳು. "ಇವರಿಗೆ ಗೊತ್ತಿಲ್ಲ. ಮಗು ಹೋದ ಮೇಲೆ ಅವನ ಹೆಸರು ಎತ್ತಬಾರದು ಅಂದಿದ್ದಾರೆ. ಎತ್ತಿದರೆ ಇವರೇ ಎದ್ದು ಹೋಗ್ತಾರೆ. ಆದರೆ ಮಗು ಹೋಗಿರಲಿಲ್ಲ. ಆ ಮೂಲೆಯಲ್ಲಿ ಅಳ್ತಿತ್ತು. ದಿನಾ ಅಳ್ತಿತ್ತು. ಅಲ್ಲಿ ಗಾಳಿ ಹೊಡೀತದೆ ಅಲ್ವಾ? ಮುಚ್ಚಿ ಅಂತ ಮೇಸ್ತ್ರಿಯ ಕಾಲು ಹಿಡಿದೆ. ಯಾರಿಗೂ ಹೇಳುವುದಿಲ್ಲ ಅಂತ ಆಣೆ ಹಾಕಿಸಿದೆ."

"ಮತ್ತೆ?"

"ಮುಚ್ಚಿದ ಮೇಲೆ ಎರಡು ದಿನ ತುಂಬ ಅತ್ತ. ಮೂರನೇ ದಿನ ಮಲಗಿದ. ಈಗ ನಾನೂ ಸ್ವಲ್ಪ ಊಟ ಮಾಡ್ತೇನೆ, ನಿದ್ರೆ ಮಾಡ್ತೇನೆ. ತೆಗೆಯಬೇಡಿ, ಆಯ್ತಾ? ಎದ್ದುಬಿಡ್ತಾನೆ."

ಮೆಟ್ಟಿಲಿಳಿದು ಅಂಗಳಕ್ಕೆ ಓಡಿ ಪೂವಪ್ಪನ ಕುತ್ತಿಗೆಪಟ್ಟಿ ಹಿಡಿದೆ.

"ಒಳಗೆ ಎಂತ ಉಂಟು?"

ಅವನು ಕಂಪೌಂಡಿನ ಮೇಲಿದ್ದ ಬೆಕ್ಕನ್ನು ನೋಡಿದ.

ಕೊನೆಯ ಹಲಗೆ ಹೊಡೆಯುವ ಮೊದಲು ಯಾವ ಮೇಸ್ತ್ರಿಯೂ ಒಂದು ಕ್ರಮ ಬಿಡುವುದಿಲ್ಲ. ಮರದ ಕೊಡತಿಯಿಂದ ಮೂರು ಸಲ ಬಡಿಯಬೇಕು. ಒಂದು ವೀಳ್ಯ ಜಗಿಯುವಷ್ಟು ಹೊತ್ತು ಕಾಯಬೇಕು. ಒಳಗೆ ಜೀವ ಇದ್ದರೆ ಹೊರಗೆ ಬರಲಿ ಎಂದು.

"ಬಡಿದಿಯಾ?"

"ಬಡಿದೆ. ಕಾಯಲಿಲ್ಲ." ಅವನು ಬಾಲ್ಕನಿಯ ಕಡೆ ಕೈ ತೋರಿಸಿದ. "ಆ ಅಮ್ಮ ಕೆಳಗೆ ನಿಂತು ಅಳ್ತಿದ್ದರು... ಬೇಗ ಮುಚ್ಚಿ, ಬೇಗ ಮುಚ್ಚಿ ಅಂತ. ಹೊಡೆದುಬಿಟ್ಟೆ. ಅದೇ ಸಂಜೆ ಧನಿಗಳು ಬಂದು ನನ್ನನ್ನು ಹೊರಗೆ ಹಾಕಿದರು. ಮರುದಿನ ಗೇಟಿನಿಂದ ಕೇಳಿದೆ. ಮರಿಗಳು ಕೂಗ್ತಿದ್ದವು."

"ಹೇಳಬೇಕಿತ್ತು!"

"ಒಂದು ಹಲಗೆ ಬಿಚ್ಚಬೇಕು ಅಂದೆ. ನೋಣಯ್ಯ ನಗಾಡಿದ. ಬಿಚ್ಚಲಿಕ್ಕೂ ಎಕ್ಸ್‌ಟ್ರಾ ಬಿಲ್ಲು ಮಾಡ್ತೀಯಾ ಅಂದ. ಬೆಕ್ಕು ಅಂದರೆ ಅಳ್ತಿದ್ದದ್ದು ಮಗುವಲ್ಲ ಅಂತ ಆ ಅಮ್ಮನಿಗೆ ಗೊತ್ತಾಗ್ತದೆ. ಎರಡು ದಿನ ಗೇಟಿನಲ್ಲೇ ಕೂತಿದ್ದೆ, ಓವರ್‌ಸಿಯರ್ರೇ. ಕೂಗು ನಿಲ್ಲುವವರೆಗೂ ಕೇಳಿದೆ."

ಅವನ ಕುತ್ತಿಗೆಪಟ್ಟಿ ಬಿಟ್ಟೆ.

ಗೇಟಿನಲ್ಲಿ ಕಾರು ನಿಂತಿತು. ಚಿತ್ತರಂಜನ ಧನಿಗಳು ಇಳಿದರು. ಹಿಂದೆ ನೋಣಯ್ಯ, ಕೈಯಲ್ಲಿ ಹಾರೆ.

"ತೀರ್ಪು ಎಂತ?"

"ಇನ್ನೂ ಆಗಿಲ್ಲ."

"ಯಾರೂ ಹೇಳದ ಕೆಲಸ. ಕಿತ್ತು ಹಾಕುವುದು ನಿಮ್ಮದೇ ಕಾನೂನು. ಆ ಮಗುವಿಗೆ ಅಂತ ಕಟ್ಟಿಸಿದ ಮನೆ ಇದು. ಅವನೇ ಇಲ್ಲ. ಇನ್ನು ಒಂದು ಹಲಗೆಗೂ ನಾನು ಕಾಸು ಬಿಚ್ಚುವುದಿಲ್ಲ. ನೋಣಯ್ಯಾ, ಪಡುಮೂಲೆಯಿಂದ ಶುರು ಮಾಡು."

ಬಾಲ್ಕನಿಯಲ್ಲಿ ಶಶಿಪ್ರಭಾ ಕಂಬ ಹಿಡಿದು ನಿಂತಿದ್ದಳು.

ನಾನು ಏಣಿಗೆ ಅಡ್ಡ ನಿಂತೆ. "ಹಾರೆ ಕೊಡು ನೋಣಯ್ಯ. ತೀರ್ಪು ಕೊಡುವವನು ನಾನು. ಬಿಚ್ಚಿ ನೋಡುವವನೂ ನಾನು."

ಹತ್ತಿದೆ. ಎಲ್ಲರಿಗೂ ಬೆನ್ನು ಹಾಕಿ ಹಲಗೆಯನ್ನು ಒಂದು ಗೇಣು ಸರಿಸಿದೆ.

ಎರಡು ಮರಿ. ಒಂದನ್ನೊಂದು ತಬ್ಬಿಕೊಂಡು ಒಣಗಿದ್ದವು. ಒಂದೊಂದೂ ಒಂದು ಮುಷ್ಟಿ. ಹಲಗೆಯ ಒಳಮೈಯಲ್ಲಿ ಸಣ್ಣ ಸಣ್ಣ ಉಗುರಿನ ಗೀರು... ತುಂಬ ಇದ್ದವು.

ಕಣ್ಣು ಮಂಜಾಯಿತು. ಸುಳ್ಳೇಕೆ, ಅತ್ತೆ. ಯಾರಿಗೂ ಕಾಣದ ಹಾಗೆ ಮರಿಗಳನ್ನು ನನ್ನ ಟೇಪಿನ ಚೀಲಕ್ಕೆ ಹಾಕಿದೆ.

"ಎಂತ ಉಂಟು ಒಳಗೆ?" ಧನಿಗಳ ಸ್ವರ.

"ಗಾಳಿ."

ಹಲಗೆ ಹೊಡೆದೆ. ಈ ಸಲ ಮೊಳೆ ನೇರ ಹೋಯಿತು. ಬಾಲ್ಕನಿಯ ಕಡೆ ನೋಡಿದೆ. ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಒಳಗಿನಿಂದ ಅಳು ಬರಲಿಲ್ಲ. ನಿಧಾನಕ್ಕೆ ಕಂಬ ಬಿಟ್ಟಳು.

ಕೆಳಗಿಳಿದು ಹೇಳಿದೆ: "ಹಲಗೆ ಇರಬೇಕು. ಸಮುದ್ರದ ಗಾಳಿ ಅಡಿಯಿಂದ ನುಗ್ಗಿದರೆ ಹಂಚು ಹಾರ್ತದೆ. ನೀವು ಮುಂಬಯಿಯಲ್ಲಿದ್ದಾಗ ಈ ದಾರಿಯಲ್ಲಿ ಬಂದಿದ್ದೆ. ಮುಚ್ಚು ಅಂತ ಮೇಸ್ತ್ರಿಗೆ ಹೇಳಿದ್ದು ನಾನೇ."

"ಇಲ್ಲ..." ಎಂದು ಪೂವಪ್ಪ ಶುರು ಮಾಡಿದ. ಅವನ ಕಾಲು ತುಳಿದೆ.

ಧನಿಗಳು ನನ್ನನ್ನೇ ನೋಡಿದರು. ಆಮೇಲೆ ಬಾಲ್ಕನಿಯಲ್ಲಿದ್ದ ಹೆಂಡತಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹಾಗಾದರೆ ಹಲಗೆ ಇರಲಿ," ಎಂದರು. "ಆದರೆ ಹೇಳಿದವರು ದುಡ್ಡು ಕೊಡಬೇಕು. ಕಾನೂನು ನಿಮ್ಮದೇ."

ಮೂವತ್ತು ವರ್ಷದ ಸರ್ವಿಸಿನಲ್ಲಿ ಸುಳ್ಳು ಅಳತೆ ಬರೆದವನಲ್ಲ ನಾನು. ಮೊದಲ ಸುಳ್ಳಿಗೇ ನೂರ ಎಂಬತ್ತು ರೂಪಾಯಿ ಬಿತ್ತು. ಪೂವಪ್ಪ ಬೇಡವೆಂದು ಅತ್ತ. ಆಳುಗಳ ಕೂಲಿ ಯಾರು ಕೊಡುವುದು ಎಂದು ಬೈದೆ. ತಿಂಗಳಿಗೆ ಹತ್ತು ರೂಪಾಯಿಯಂತೆ ಕೊಡುತ್ತಿದ್ದೇನೆ. ಇನ್ನೂ ಹನ್ನೊಂದು ತಿಂಗಳು ಉಂಟು.

ಆ ದಿನ ಸೈಕಲ್ಲು ತಳ್ಳಿಕೊಂಡೇ ಪಡೀಲಿಗೆ ಬಂದೆ. ಚಕ್ರ ಸೊಟ್ಟಗಾಗಿತ್ತು. ಬೆಕ್ಕು ನನ್ನ ಚೀಲದ ಹಿಂದೆಯೇ ನಡೆದು ಬಂತು, ಅಷ್ಟು ದೂರವೂ. ಬಾವಿಯ ಹತ್ತಿರ ಮರಿಗಳನ್ನು ಹೂತೆ. ಅದು ಅಲ್ಲೇ ಕೂತಿತು. ಮೂರನೇ ದಿನ ಎದ್ದು ಒಳಗೆ ಬಂತು. ಹಾಲಿಟ್ಟೆ.

ಅದನ್ನು ಸಾಕಲು ಯಾರೂ ಹೇಳಿರಲಿಲ್ಲ. ನನ್ನ ಕಾನೂನಿನ ಪ್ರಕಾರ ಅದೂ ಎಕ್ಸ್‌ಟ್ರಾ... ಆದರೆ ಕಿತ್ತು ಹಾಕಲಿಲ್ಲ.