ಹೆಜ್ಜೆ ಬಲ್ಲ ಹುಲ್ಲುಹಾಸು

ಇಂದುಮತಿ ಹುಲ್ಲುಹಾಸಿನ ಮೇಲೆ ಕಾಲಿಟ್ಟಳು. ಮೂಲೆಯಲ್ಲಿ ಹುಲ್ಲು ಹಳದಿಗೆ ತಿರುಗಿದ್ದು ಕಣ್ಣಿಗೆ ಬಿತ್ತು. ಅವಳು ಬಾಯಿ ತೆರೆಯುವ ಮೊದಲೇ ನೆಲದಿಂದ ನಳಿಗೆಯೊಂದು ತಲೆಯೆತ್ತಿ ಅಲ್ಲಿಗೆ ನೀರು ಚಿಮ್ಮಿಸಿತು.

"ನೋಡ್ರಿ, ಮತ್ತ ಶುರು ಆತು!"

ಪಕ್ಕದಲ್ಲಿದ್ದ ಡಾಕ್ಟರ್ ವೃಷಭೇಂದ್ರ ತಲೆಯಾಡಿಸಿದರು. ಈ ಸ್ಪ್ರಿಂಕ್ಲರನ್ನು ರೂಪಿಸಿದ ವಿಜ್ಞಾನಿ ಅವರೇ. ದುರಸ್ತಿಗೂ ಅವರೇ ಬಂದಿದ್ದರು. ಮಣ್ಣಿನಡಿ ಹುದುಗಿದ್ದ 'ಹೆಜ್ಜೆಗ್ರಾಹಿ'ಗಳು ಮನೆಯೊಡತಿಯ ಹೆಜ್ಜೆಯನ್ನು ಮಾತ್ರ ಗುರುತಿಸುತ್ತಿದ್ದವು. ಅಂಗಾಲಿನ ನಾಡಿಮಿಡಿತದಿಂದ ಅವಳ ಕಳವಳವನ್ನು ಅಳೆದು, ಅದಕ್ಕೆ ತಕ್ಕಷ್ಟು ನೀರು ಬಿಡುತ್ತಿದ್ದವು. ಚಪ್ಪಲಿಯಾಗಲಿ ಜಮಖಾನೆಯಾಗಲಿ ಅವಕ್ಕೆ ಅಡ್ಡಿಯಲ್ಲ. ಗ್ರಾಹಕರು ಬಾಯಿಬಿಟ್ಟು ಕೇಳಬೇಕಾಗಿಲ್ಲ ಎಂಬುದೇ ಕಂಪನಿಯ ಹೆಮ್ಮೆಯಾದ್ದರಿಂದ, ನಿಲ್ಲಿಸುವ ಗುಂಡಿಯನ್ನೂ ತೆಗೆದುಹಾಕಿದ್ದರು. ವಿದ್ಯುತ್ತೂ ಮಣ್ಣಿನಿಂದಲೇ ಬರುತ್ತಿದ್ದುದರಿಂದ ಅದನ್ನು ಕಡಿಯುವಂತೆಯೂ ಇರಲಿಲ್ಲ. "ಅವ್ವ ಚಿಂತಿ ಮಾಡಿದಷ್ಟೂ ಹುಲ್ಲು ಹಸರು," ಎಂದು ಮಗಳು ದಾಕ್ಷಾಯಣಿ ನಗುತ್ತಿದ್ದಳು.

ಇಂದು ಆ ದಾಕ್ಷಾಯಣಿಯ ಮದುವೆ, ಇದೇ ಅಂಗಳದಲ್ಲಿ.

"ವಾಲ್ವ್ ಬಂದ್ ಮಾಡಿಬಿಡ್ರಿ."

"ನೀರಿನ ಸುಣ್ಣ ಕಟ್ಟಿ ವಾಲ್ವ್ ಬಿಗದದರಿ. ಬದಲಿ ಮಾಡಬೇಕಂದ್ರ ಅಂಗಳ ಅಗೀಬೇಕು."

"ಬೀಗರ ಬಸ್ಸು ಬಾಗಿಲದಾಗ ನಿಂತದ, ಈಗ ಅಗೀತೀರೇನ್ರಿ?"

"ನೀವು ಸಮಾಧಾನದಿಂದ ಇದ್ರ ಒಂದು ಹನೀನೂ ಬರೂದಿಲ್ಲರಿ."

"ಮಗಳ ಲಗ್ನದಾಗ ಸಮಾಧಾನ! ನೀವು ಯಾರದರ ಲಗ್ನಾ ಮಾಡೀರೇನು?"

"ನೀವು ಬ್ಯಾರೇದವರ ಲಗ್ನಕ್ಕ ಬಂದೀರಿ ಅಂತ ತಿಳ್ಕೋರಿ," ಎಂದರು ವೃಷಭೇಂದ್ರರು.

ರೇಷ್ಮೆ ಸೀರೆ ನೆಂದರೆ ಬೀಗತಿ ಅದನ್ನು ಮರೆಯುವವಳಲ್ಲ. ಅದರ ಚುಚ್ಚುಮಾತನ್ನು ಮಗಳು ಸಂಸಾರದುದ್ದಕ್ಕೂ ಕೇಳಬೇಕಾದೀತು. ಇಂದುಮತಿ ದಾಕ್ಷಾಯಣಿಗೆ, "ನೀರು ಬಂದ್ ಮಾಡ್ಯಾರ," ಎಂದು ಸುಳ್ಳು ಹೇಳಿದಳು. ಅವಳಾದರೂ ನಿಶ್ಚಿಂತೆಯಿಂದ ಇರಲಿ.

ಅಕ್ಷತೆ ಬೀಳುವಾಗ ಬೀಗತಿಯ ಸೆರಗಿನ ಪಕ್ಕದಲ್ಲೇ ನಳಿಗೆಯೊಂದು ಬೆರಳುದ್ದ ಮೇಲೆದ್ದಿತು. ಇಂದುಮತಿ ಮಗಳ ಮುಖದಿಂದ ಕಣ್ಣು ಕಿತ್ತು ಚಪ್ಪರದ ಬಟ್ಟೆಯ ನಿರಿಗೆಗಳನ್ನು ನೋಡುತ್ತ ನಿಂತಳು. ನಳಿಗೆ ಮೆಲ್ಲನೆ ಒಳಗಿಳಿಯಿತು. ಆಮೇಲೆ ಅವಳು ಆ ಮುಖವನ್ನು ನೋಡಲೇ ಇಲ್ಲ.

ಒಪ್ಪಿಸಿಕೊಡುವ ಹೊತ್ತು ಬಂತು. ಉಡಿ ತುಂಬಿದಳು. ಮಗಳ ಕೈಯನ್ನು ಬೀಗತಿಯ ಕೈಯಲ್ಲಿಟ್ಟಳು, ಪಾತ್ರೆಯನ್ನು ಇಟ್ಟ ಹಾಗೆ.

"ಅವ್ವಾ, ಏನೂ ಹೇಳೂದಿಲ್ಲೇನು?"

"ತಡಾ ಆಗ್ತದ. ಹೊರಡ್ರಿ."

"ಭಾರಿ ಗಟ್ಟಿ ಎದಿ ಬಿಡ್ರಿ ನಿಮ್ದು," ಎಂದಳು ಬೀಗತಿ. "ನಮ್ಮವ್ವ ನನ್ನ ಕಳಸುವಾಗ ಮೂರು ಸಲ ಎಚ್ಚರ ತಪ್ಪಿದ್ಲು."

ದಾಕ್ಷಾಯಣಿ ತಿರುಗಿಯೂ ನೋಡದೆ ಕಾರು ಹತ್ತಿದಳು.

ಬೀಗರ ಬಸ್ಸು ಮುಂದೆ ಹೋಯಿತು, ಕಾರು ಅದರ ಹಿಂದೆ. ಅಂಗಳದಲ್ಲಿ ಖಾಲಿ ಕುರ್ಚಿಗಳು ಉಳಿದವು.

"ಗೆದ್ರಿ ನೋಡ್ರಿ ಅವ್ವಾರ. ಒಂದು ಹನೀನೂ ಬೀಳಲಿಲ್ಲ," ಎಂದರು ವೃಷಭೇಂದ್ರರು.

ಮಗಳ ಉಡಿಯಿಂದ ಜಾರಿದ ನಾಲ್ಕು ಅಕ್ಕಿಕಾಳು ಹುಲ್ಲಿನ ನಡುವೆ ಕಂಡವು. ಇಂದುಮತಿ ಅವುಗಳ ಪಕ್ಕದಲ್ಲಿ ನಿಂತಳು. ಒಂದು ನಳಿಗೆ ಎದ್ದಿತು. ಇನ್ನೊಂದು. ಮರುಗಳಿಗೆಯಲ್ಲಿ ಅಂಗಳದ ಎಲ್ಲ ನಳಿಗೆಗಳೂ ಎದ್ದು, ನೀರು ಚಪ್ಪರಕ್ಕಿಂತ ಎತ್ತರ ಚಿಮ್ಮಿತು.

ವೃಷಭೇಂದ್ರರ ಕೈಯಲ್ಲಿದ್ದ ಮಾಪಕ, ಹುಲ್ಲಿಗೆ ನೀರಿನ ಅಗತ್ಯವಿಲ್ಲ ಎಂದು ತೋರಿಸುತ್ತಿತ್ತು. ಅವರು ಅದನ್ನು ಜೇಬಿಗೆ ಹಾಕಿಕೊಂಡು ನೆನೆಯುತ್ತ ನಿಂತರು.

ಗೇಟಿನಾಚೆ, ತಿರುವಿನಲ್ಲಿ ಕಾರು ನಿಂತಿತು. ಹಿಂದಿನ ಬಾಗಿಲು ತೆರೆಯಿತು.