ಮೂರು ಅಡಿ ಕೆಳಗಿನ ಟೀ ಚರಟ

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಠಾಣೆಗೆ ಬಂದ ಹೆಂಗಸು ಹೊಲಿಗೆ ಕೆಲಸದವಳು. ಹಳೆಯ ಬ್ಯಾಟರಿ ಕಾರ್ಖಾನೆಯ ಜಾಗದಲ್ಲಿ ಕಟ್ಟಿದ ಹೊಸ ವಸತಿಯಲ್ಲಿ ಅವಳ ಮನೆ. ಆರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ಆ ವಯಸ್ಸಿನ ಮಕ್ಕಳು ಹಾಗೆ ಕೂರುವುದಿಲ್ಲ, ಇಳಿದು ಓಡುತ್ತವೆ. ಇದು ಮಿಸುಕಾಡದೆ ಕೂತಿತ್ತು.

"ಏನಾಗಿದೆ ಮಗೂಗೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮೂರು ತಿಂಗಳಿಂದ ಹೊಟ್ಟೆನೋವು ಸಾರ್. ಅಕ್ಷರ ಎಲ್ಲಾ ಬರೀತಿದ್ಲು, ಈಗ ಒಂದೊಂದೇ ಮರೀತಿದಾಳೆ. ರಕ್ತದಲ್ಲಿ ಸೀಸ ಇದೆ ಅಂದ್ರು ಡಾಕ್ಟ್ರು. ನಮ್ಮ ಬೀದೀಲಿ ಇನ್ನೂ ಹನ್ನೊಂದು ಮಕ್ಕಳಿಗೆ ಇದೇ ಗತಿ."

"ಯಾರ ಮೇಲೆ ದೂರು?"

"ಮಣ್ಣು ತೆಗೆದ ಕಂಪನಿ ಮೇಲೆ. ನನ್ನ ತಮ್ಮನೂ ಅಲ್ಲೇ ಕೆಲಸಕ್ಕಿದ್ದ ಸಾರ್. ಅವನು ಬಂಗಾರದಂಥೋನು, ಅವನನ್ನ ಇದಕ್ಕೆ ಎಳೀಬೇಡಿ."

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು.

ಕಾರ್ಖಾನೆ ಮೂವತ್ತು ವರ್ಷ ತನ್ನ ಸೀಸವನ್ನು ನೆಲಕ್ಕೇ ಉಣ್ಣಿಸಿ ಬಾಗಿಲು ಹಾಕಿಕೊಂಡಿತ್ತು. ಆಮೇಲೆ ಆ ಜಾಗದಲ್ಲಿ ಎದ್ದಿದ್ದ ಮನೆಗಳನ್ನು ಕೆಡವಿ, ಜನರನ್ನು ತಗಡಿನ ಶೆಡ್ಡುಗಳಿಗೆ ಕಳಿಸಿ, ಮಣ್ಣು ತೆಗೆಯುವ ಕೆಲಸ ಶುರುವಾಯಿತು. ಕ್ರಮ ಸರಳ. ಜಾಗವನ್ನು ಹದಿನಾಲ್ಕು ಗುಂಡಿಗಳಾಗಿ ಭಾಗ ಮಾಡಿ ಮೂರು ಅಡಿ ಅಗೆಯುವುದು. ತಳದ ಮಣ್ಣನ್ನು ಬಾಟಲಿಗೆ ತುಂಬಿ ಸೀಲು ಹಾಕಿ ಪ್ರಯೋಗಾಲಯಕ್ಕೆ ಕಳಿಸುವುದು. ಫೇಲಾದರೆ ಇನ್ನೂ ಮೂರು ಅಡಿ ಅಗೆಯುವುದು. ಪಾಸಾದರೆ ಮೇಲೆ ಗೇಣು ದಪ್ಪ ಹೊಸ ಮಣ್ಣು ಹರಡಿ ಮನೆ ಕಟ್ಟುವುದು. ಬಾಟಲಿ ತುಂಬುತ್ತಿದ್ದವನು ಹೊಲಿಗೆಯವಳ ತಮ್ಮ. ಬೀದಿಯವರು ಅವನನ್ನು ಮಣ್ಣು ಮೇಷ್ಟ್ರು ಎಂದು ಕರೆಯುತ್ತಿದ್ದರು.

ಮಧ್ಯಾಹ್ನ ಎರಡಕ್ಕೆ ಕಂಪನಿಯ ಕಚೇರಿ. ಮ್ಯಾನೇಜರ್ ವರದಿಗಳ ಕಡತವನ್ನು ಮೇಜಿನ ಮೇಲೆ ಸರಿಸಿ, ಆಮೇಲೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡ.

"ಆ ಜನ ಮಕ್ಕಳ ಕೈ ತೊಳಿಸಲ್ಲ ಸಾರ್. ಅದಕ್ಕೆ ನಾವೇನ್ ಮಾಡೋಣ?"

ಆ ಮಾತು ಕೇಳಿ ಇನ್ಸ್‌ಪೆಕ್ಟರಿಗೆ ಹೇಸಿಗೆಯಾಯಿತು. ಕಡತ ತೆರೆದರು. ಮೊದಲ ಎರಡು ಗುಂಡಿ ಫೇಲು. ಆಮೇಲಿನ ಹನ್ನೆರಡೂ ಮೊದಲ ಸಲಕ್ಕೇ ಪಾಸು.

"ಸಾರ್, ಹನ್ನೆರಡು ಮೊಟ್ಟೆ ತಂದ್ರೂ ಒಂದು ಕೊಳೆತಿರುತ್ತೆ. ಇದ್ಯಾವ ಕೋಳಿ?" ಎಂದ ದಫೇದಾರ. ಆರಡಿ ಮೇಲೆ ಮೂರಂಗುಲ ಎತ್ತರದ ಅವನನ್ನು ಠಾಣೆಯಲ್ಲಿ ಎಲ್ಲರೂ ಉದ್ದಣ್ಣ ಎನ್ನುತ್ತಾರೆ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಪ್ರಯೋಗಾಲಯಕ್ಕೆ ಹೋದರು. ಅಲ್ಲಿನ ಹಿರಿಯ ನೌಕರ ಕಪಾಟು ತೆರೆದು ತೋರಿಸಿದ. "ಪ್ರತಿ ಬಾಟಲೀಲೂ ಅರ್ಧ ಮಣ್ಣು ತೆಗೆದು ಜರಡಿ ಹಿಡಿದು ಪರೀಕ್ಷೆ ಮಾಡ್ತೀವಿ. ಉಳಿದರ್ಧ ಹಾಗೇ ಎರಡು ವರ್ಷ ಇಟ್ಟಿರ್ತೀವಿ."

"ಜರಡೀಲಿ ಉಳಿದಿದ್ದು?"

"ಕಸಕ್ಕೆ. ಅದನ್ನ ಯಾರು ನೋಡ್ತಾರೆ?"

"ಅರ್ಧ ಎತ್ತಿಡೋದು ಮಣ್ಣು ತಂದುಕೊಡೋರಿಗೆ ಗೊತ್ತಾ?"

"ಅವರು ಕೌಂಟರ್ ದಾಟಿ ಒಳಗೆ ಬಂದಿದ್ದೇ ಇಲ್ಲ ಸಾರ್."

ಬಿಳಿ ತಟ್ಟೆಗಳ ಮೇಲೆ ಹದಿನಾಲ್ಕು ಗುಂಡಿಗಳ ಮೊದಲ ಸಲದ ಬಾಟಲಿಗಳನ್ನು ಸುರಿಸಿದರು. ಮೊದಲೆರಡು ಬೂದು ಬಣ್ಣದ ಹೆಂಟೆ, ಮೂಗಿಗೆ ಅಡರುವ ಹುಳಿ ನಾತ. ಉಳಿದ ಹನ್ನೆರಡು ಕಪ್ಪಗೆ, ಮೆತ್ತಗೆ. ಅದರಲ್ಲಿ ಕೂದಲಿನಂಥ ಬೇರು, ಮೊಟ್ಟೆ ಸಿಪ್ಪೆಯ ಚೂರು, ಒಣಗಿದ ಟೀ ಚರಟ.

"ಮೂರು ಅಡಿ ಕೆಳಗೆ ಕೂತು ಯಾರು ಸಾರ್ ಟೀ ಕುಡಿದಿದ್ದು?" ಎಂದ ಉದ್ದಣ್ಣ. ಪಂಚನಾಮೆ ಬರೆದು ಬಾಟಲಿಗಳನ್ನು ಜಪ್ತಿ ಮಾಡಿದರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಇಬ್ಬರು ಪಂಚರ ಎದುರು, ಹೊಲಿಗೆಯವಳ ಅಂಗಳ ಅಗೆಸಿದರು. ಗುದ್ದಲಿ ನಾಲ್ಕನೇ ಪೆಟ್ಟಿಗೇ ಬೂದು ಮಣ್ಣಿಗೆ ತಾಗಿತು. ಅದೇ ಹುಳಿ ನಾತ. ಒಬ್ಬ ಪಂಚ ಮೂಗು ಮುಚ್ಚಿಕೊಂಡು ಆಚೆ ಹೋಗಿ ನಿಂತ. ಮಗುವಿನ ಆಟದ ಚಮಚ ಪಕ್ಕದಲ್ಲೇ ಬಿದ್ದಿತ್ತು.

ಮಣ್ಣು ಮೇಷ್ಟ್ರ ಮನೆ ಅದೇ ಬೀದಿಯ ಕೊನೆಗೆ. ಬೀದಿಯಲ್ಲಿ ಎಲ್ಲರದ್ದೂ ಮಣ್ಣಿನ ಅಂಗಳ. ಅವನದ್ದು ಮಾತ್ರ ಗೋಡೆಯಿಂದ ಗೋಡೆಗೆ ಸಿಮೆಂಟು. ನಲ್ಲಿಯ ಸುತ್ತ ಕೂಡ ಒಂದು ಹಿಡಿ ಮಣ್ಣು ಕಾಣದ ಹಾಗೆ ಮೆತ್ತಿಸಿದ್ದ. ಮೆಟ್ಟಿಲ ಮೇಲೆ ಹೂಕುಂಡಗಳಿದ್ದವು. ಕುಂಡದೊಳಗೆ ಮೊಟ್ಟೆ ಸಿಪ್ಪೆ, ಟೀ ಚರಟ.

"ಸಿಮೆಂಟ್ ಯಾವಾಗ ಹಾಕಿಸಿದ್ರಮ್ಮಾ?" ಇನ್ಸ್‌ಪೆಕ್ಟರ್ ಅವನ ಹೆಂಡತಿಯನ್ನು ಕೇಳಿದರು.

"ಬಂದ ವಾರಾನೇ ಸಾರ್. ನಮ್ಮ ಪಾಪೂನ ಬರಿಗಾಲಲ್ಲಿ ಬೀದಿಗೆ ಬಿಡಬೇಡ ಅಂತಾರೆ. ಶಿಸ್ತು ಜಾಸ್ತಿ ಅವರಿಗೆ."

ಅವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಳಗೆ ಕುರ್ಚಿಯಲ್ಲಿ ಬೆವರುತ್ತಾ ಕೂತಿದ್ದ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯುವುದನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ನೋಡಿದ್ದರು. ಆದರೂ ಈ ಸಿಮೆಂಟಿನ ಮೇಲೆ ಕಾಲಿಡುವುದಕ್ಕೆ ಅವರಿಗೆ ಅಸಹ್ಯವೆನಿಸಿತು.

"ಅಂಗಳಕ್ಕೆ ಸಿಮೆಂಟ್ ಯಾಕೆ?"

"ಕೆಸರಾಗುತ್ತೆ ಅಂತ."

"ಅಕ್ಕನ ಅಂಗಳದಲ್ಲಿ ಆಗಲ್ವಾ?"

ಅವನು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

"ಬಾಟಲೀಲಿದ್ದಿದ್ದು ಯಾವ ಮಣ್ಣು?"

"ಕುಂಡದ್ದು. ಆಗ ಶೆಡ್ ಮುಂದೆ ಇಟ್ಟಿದ್ವಿ."

"ಅಕ್ಕನಿಗಾದ್ರೂ ಹೇಳ್ಬೇಕು ಅನಿಸ್ಲಿಲ್ವಾ?"

"ಹೇಳಿದ್ರೆ, ನಿನಗೆ ಹೆಂಗೆ ಗೊತ್ತು ಅಂತ ಕೇಳ್ತಿದ್ಲು."

ಹನ್ನೆರಡೂ ನಲವತ್ತಕ್ಕೆ ಅವನನ್ನು ಬಂಧಿಸಲಾಯಿತು. ಏನನ್ನೂ ಕೇಳದೆ ಸಹಿ ಹಾಕುತ್ತಾ ಹೋಗಿದ್ದ ಮ್ಯಾನೇಜರ್ ಎರಡನೇ ಆರೋಪಿ. ಬೀದಿಯ ಮಕ್ಕಳನ್ನು ಅದೇ ದಿನ ಬೇರೆ ಕಡೆಗೆ ಸಾಗಿಸಲು ಪತ್ರ ಹೋಯಿತು.

ಮಣ್ಣು ಮೇಷ್ಟ್ರು ಕೊಟ್ಟ ಸ್ವಇಚ್ಛಾ ಹೇಳಿಕೆ ಎರಡೇ ಪುಟ. ಲಂಚ ಮುಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಮೊದಲೆರಡು ಗುಂಡಿಗಳ ಮಣ್ಣನ್ನು ಅವನು ನಿಯತ್ತಾಗಿ ತುಂಬಿದ್ದ. ಎರಡೂ ಫೇಲಾಗಿ, ಮನೆ ಕಟ್ಟುವುದು ಮುಂದಕ್ಕೆ ಹೋಗಿ, ಬೇಸಿಗೆಯ ತಗಡಿನ ಕೆಳಗೆ ಬೇಯುತ್ತಿದ್ದ ಜನ ಸಭೆಯಲ್ಲಿ ಅವನ ಮೇಲೆ ಮುಗಿಬಿದ್ದರು. ನಿನ್ನ ಬಾಟಲಿಯಿಂದಲೇ ನಾವು ಬೀದಿಪಾಲು ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವನ ಅಕ್ಕ. ಮೂರನೇ ಗುಂಡಿ ಪಾಸಾದ ದಿನ ಅದೇ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ಹೆಗಲಿನಿಂದ ಇಳಿಯಲು ಅವನಿಗೆ ಮನಸ್ಸು ಬರಲಿಲ್ಲ.

ಜೀಪಿನ ಹತ್ತಿರ ಅಕ್ಕ ನಿಂತಿದ್ದಳು, ಮಗು ಸೊಂಟದ ಮೇಲೆ. ತಮ್ಮ ತಲೆ ಎತ್ತಲಿಲ್ಲ.

"ನೀನೇ ಬೈದೆ ಅಲ್ವಾ ಅಕ್ಕಾ" ಎಂದ ಮೆಲ್ಲಗೆ.

"ಬೈದೆ ಕಣೋ. ಅಕ್ಕ ಬೈದ್ರೆ ಬೈಸ್ಕೋಬೇಕಿತ್ತು."