ಕೊನೆಯಲ್ಲಿ ಸೇರಿದವಳು

"ನನ್ನ ಜಿನನಾಥಪುರ ಎಲ್ಲೋಯ್ತು ಕಣ್ರೀ?"

ಹಂಸಳ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು. ಆ ದನಿಯನ್ನು ಎರಡು ತಿಂಗಳಿಂದ ದಿನಾ ಫೋನಿನಲ್ಲಿ ಕೇಳುತ್ತಿದ್ದಳು. ಮುಖ ನೋಡಿದ್ದು ಇವತ್ತೇ.

ಚನ್ನರಾಯಪಟ್ಟಣದ ರವೀಂದ್ರ. ಬಸ್ಸಿನ ಧೂಳು ಇನ್ನೂ ಅಂಗಿಯ ಮೇಲಿತ್ತು.

'ಮೊದಲ ಭೇಟಿ ಹೀಗಾಗಬೇಕಿತ್ತೇ...'

ಅದು ೨೦೦೮ನೇ ಇಸವಿ. ಹಾಸನದ ಆ ಪುಟ್ಟ ಕಚೇರಿಯಲ್ಲಿ ಆಂಬುಲೆನ್ಸಿಗೆ ದಾರಿ ತೋರಿಸುವ ಪ್ರೋಗ್ರಾಂ ತಯಾರಾಗುತ್ತಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹೀಗೆ ನಾಲ್ಕು ತಾಲ್ಲೂಕಿಗೆ ನಾಲ್ವರು. ತಂತಮ್ಮ ಊರಿನಲ್ಲೇ ಕೂತು ಎಲ್ಲರೂ ಒಂದೇ ಪಟ್ಟಿಗೆ ಹಳ್ಳಿಗಳ ಹೆಸರು ಸೇರಿಸುತ್ತಿದ್ದರು. ಎಲ್ಲರೂ ಪಟ್ಟಿಯ ಕೊನೆಗೇ.

ನಿನ್ನೆ ಹಂಸ ತನ್ನ ತಾಲ್ಲೂಕಿನ ಕಟ್ಟಾಯ ಸೇರಿಸುವ ಹೊತ್ತಿಗೆ ಅದೇ ಜಾಗದಲ್ಲಿ ರವೀಂದ್ರ ತನ್ನ ಹಳ್ಳಿಗಳನ್ನು ಸೇರಿಸಿಬಿಟ್ಟಿದ್ದ. ಯಾರದ್ದು ಉಳಿಯಲಿ ಎಂದು ಕಂಪ್ಯೂಟರ್ ಕೇಳಿತು. ಗಾಬರಿಯಲ್ಲಿ 'ನನ್ನದು' ಎಂದು ಒತ್ತಿದಳು. ಅವನ ಹದಿನೇಳು ಹಳ್ಳಿ ಅಳಿಸಿಹೋದವು.

ಇವತ್ತು ಪರೀಕ್ಷೆ ಮಾಡಿ ನೋಡಿದಾಗ 'ಜಿನನಾಥಪುರ ಎಂಬ ಊರಿಲ್ಲ' ಎಂದು ತೋರಿಸಿತ್ತು. ನಿಜವಾಗಿ ಯಾರಾದರೂ ಎದೆನೋವೆಂದು ಫೋನ್ ಮಾಡಿದ್ದರೆ?

"ಅದು... ನಾನು..."

ಅವಳ ಮುಖ ನೋಡಿ ರವೀಂದ್ರ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳತ್ತ ಸರಿಸಿದ. ಅಷ್ಟರಲ್ಲಿ ಕಚೇರಿಯ ಯಜಮಾನರಾದ ವರದರಾಜರು ಅವನನ್ನು ಒಳಗೆ ಕರೆದರು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಎಲ್ಲಾ ತೊಂದ್ರೆ ಈ ಕೊನೇಲಿ ಸೇರಿದ್ರಿಂದ್ಲೇ ಸಾ. ಮೊದ್ಲು ಅದನ್ನ ತೆಗೀಬೇಕು."

ಹಂಸ ಬಾಗಿಲತ್ತ ತಿರುಗಿದಳು. ಕಚೇರಿಗೆ ಕೊನೆಯಲ್ಲಿ ಸೇರಿದವಳು ಅವಳೇ. ಈ ಕಡೆ ಹುಡುಗಿಯರನ್ನು 'ಅದು' ಎನ್ನುವುದು ಹೊಸತೇ?

'ದಿನಾ ಊಟ ಆಯ್ತಾ ಎಂದು ಕೇಳುತ್ತಿದ್ದವನು... ನನ್ನನ್ನೇ ತೆಗೆಸುತ್ತಾನೆಯೇ? ಕೆಲಸ ಹೋದರೆ ಈ ದನಿಯೂ ಹೋಗುತ್ತದಲ್ಲ...'

ಅಲ್ಲೇ ಕೂತು ರಾಜೀನಾಮೆ ಬರೆದಳು. ರವೀಂದ್ರ ಹೊರಬಂದಾಗ ಕಾಗದವನ್ನು ಅವನ ಕೈಗಿಟ್ಟಳು.

"ನೀವು ತೆಗೆಸಬೇಕಾಗಿಲ್ಲ, ನಾನೇ ಹೋಗ್ತೀನಿ. ಅಳಿಸಿದ್ದು ನಾನೇ."

"ಗೊತ್ತು. ಯಾರು ಅಂತ ಸಾಹೇಬ್ರು ಕೇಳಿದ್ರು, ನಾನು ಹೇಳ್ಲಿಲ್ಲ. ನಿಮ್ಮನ್ನ ಯಾಕ್ ತೆಗೆಸ್ಲಿ?"

"ಕೊನೇಲಿ ಸೇರಿದ್ದನ್ನ ತೆಗೀಬೇಕು ಅಂದ್ರಲ್ಲ, ಕೇಳಿಸ್ತು."

ರವೀಂದ್ರ ಹಾಗೇ ಕುರ್ಚಿಯಲ್ಲಿ ಕುಸಿದ.

"ಅಯ್ಯೋ... ಅದು ಪಟ್ಟಿ ಮಾತು ಕಣ್ರೀ. ನಾಲ್ಕು ಜನಾನೂ ಕೊನೆ ಸಾಲಿಗೇ ನುಗ್ತೀವಿ, ಅದಕ್ಕೇ ಡಿಕ್ಕಿ. ಆ ಪದ್ಧತಿ ತೆಗೀಬೇಕು ಅಂದೆ. ಒಂದೊಂದ್ ಹಳ್ಳಿಗೆ ಒಂದೊಂದ್ ಸಾಲು, ಅ ಆ ಇ ಈ ಪ್ರಕಾರ. ಎಲ್ಲಾ ಸಾಲಿನ ತುದೀಗೂ ಅಲ್ಪವಿರಾಮ, ಕೊನೇದಕ್ಕೂ, ಹೊಸದು ಸೇರಿಸೋಕೆ ಹಳೇ ಸಾಲು ಮುಟ್ಟೋದೇ ಬೇಡ. ಆಗ ನಿಮ್ಮ ಕಟ್ಟಾಯ 'ಕ'ದಲ್ಲಿ, ನನ್ನ ಜಿನನಾಥಪುರ 'ಜ'ದಲ್ಲಿ. ಒಬ್ಬರ ಸಾಲಿಗೆ ಒಬ್ಬರು ಕೈ ಹಾಕೋ ಹಂಗೇ ಇರಲ್ಲ."

ಹಂಸಳ ಕಣ್ಣು ತುಂಬಿತು. "ಇಷ್ಟು ಹೇಳೋಕೆ ಬಸ್ ಹತ್ತಿ ಬರ್ಬೇಕಿತ್ತಾ? ಫೋನ್ ಇರಲಿಲ್ವಾ?"

ಅವನ ಕಿವಿ ಕೆಂಪಾಯಿತು.

"ಹಳ್ಳಿ ಕಳೆದಿದ್ದು ನೆಪ ಅಷ್ಟೇ. ನಿಮ್ಮನ್ನ ನೋಡ್ಬೇಕಿತ್ತು. ಮೂರ್ ಸಲ ಬಸ್ ಸ್ಟ್ಯಾಂಡ್ ತನಕ ಬಂದು, ಹೆದ್ರಿ ವಾಪಸ್ ಹೋಗಿದ್ದೀನಿ."

"ನೀವೂ ಹೆದರ್ತೀರಾ?"

ರಾಜೀನಾಮೆಯ ಕಾಗದ ಇನ್ನೂ ಅವನ ಕೈಯಲ್ಲೇ ಇತ್ತು. ಹಂಸ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಹರಿದುಹಾಕಿದಳು.

"ವಾಪಸ್ ಬಸ್ ಎಷ್ಟೊತ್ತಿಗೆ?"

"ಐದೂವರೆಗೆ. ಯಾಕೆ?"

"ನಮ್ಮಮ್ಮನ ಹತ್ರ ಮಾತಾಡಿ ಹೋಗಿ. ಸ್ವಲ್ಪ ಜೋರು ಅವ್ರು. ಹೆದರಿಕೆ ಆಗುತ್ತಾ?"

"ಆಯ್ತದೆ," ಎಂದ ರವೀಂದ್ರ. "ನೀವು ಪಕ್ಕದಲ್ಲಿರ್ತೀರಲ್ಲ?"

"ಇರ್ತೀನಿ."